ಎತ್ತಿಗೆ ಜ್ವರ, ಸ್ಟೆಪ್ನಿಗೆ ಬರೆ

ಆಗಸ್ಟ್ ತಿಂಗಳು ಬಂತೆಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ತಂಡಗಳ ಶಿಬಿರಗಳಿಂದ ಒಂದು ಸುದ್ದಿ ಹೊರಬೀಳುತ್ತದೆ. ಯಾವುದೋ ತಂಡದ ಎರಡನೆಯ ಅಥವಾ ಮೂರನೆಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಇವತ್ತು ಓಡಿ ಹಿಡಿಯುವ ರಿಸೀವರ್‌ಗಳ ಸಾಲಿನಲ್ಲಿ ನಿಂತು ಚೆಂಡು ಹಿಡಿದನಂತೆ. ಕೋಚ್ ಸಾಹೇಬರಿಗೆ ಪರಮ ಸಂತೋಷ. ಇಂಥ ಓಟಗಾರನನ್ನು ಸುಮ್ಮನೆ ಬೆಂಚಿನ ಮೇಲೆ ಕೂರಿಸಲು ಅವರಿಗೆ ಮನಸ್ಸೇ ಬರುವುದಿಲ್ಲವಂತೆ. ‘ಬಹುಮುಖ ಪ್ರತಿಭೆ’ ಎಂದು ಪತ್ರಕರ್ತರು ಬರೆದುಕೊಳ್ಳುತ್ತಾರೆ. ಹತ್ತು ದಿನ ಬಿಟ್ಟು ಗಾಯಾಳುಗಳ ಪಟ್ಟಿ ನೋಡಿದರೆ ಪ್ರತಿಭೆಯ ಒಂದು ಮುಖ ಅಲ್ಲಿ ಕಾಣುತ್ತದೆ. ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಬದಿಯ ಸ್ನಾಯು), ಇಲ್ಲವೇ ಮೀನಖಂಡ, ಇಲ್ಲವೇ ಬೆರಳು.

ಆಮೇಲೆ ಎಲ್ಲರೂ ಸೇರಿ ‘ಛೆ, ದುರದೃಷ್ಟ’ ಎನ್ನುತ್ತಾರೆ. ರೇಗುವುದು ಈ ‘ಛೆ’ ಕೇಳಿದಾಗ.

ಯಾಕೆಂದರೆ ಈ ಪ್ರಯೋಗವನ್ನು ಸಿಯಾಟಲ್ ಸೀಹಾಕ್ಸ್‌ನವರು 2008ರಲ್ಲೇ ಮಾಡಿ, ಫಲಿತಾಂಶವನ್ನೂ ಊರಿಗೆಲ್ಲ ತೋರಿಸಿದ್ದಾರೆ. ಆ ವರ್ಷ ಅವರಲ್ಲಿ ರಿಸೀವರ್‌ಗಳಿಗೆ ಬರ. ಡಿಯಾನ್ ಬ್ರಾಂಚ್ ಜನವರಿಯಲ್ಲಿ ಹರಿದ ಮಂಡಿಯ ಅಸ್ಥಿರಜ್ಜು ಕೂಡಿಕೊಳ್ಳಲೆಂದು ಕಾಯುತ್ತಿದ್ದರು. ಬಾಬಿ ಎಂಗ್ರಮ್ ಅವರ ಭುಜ ಅಭ್ಯಾಸ ಪಂದ್ಯದಲ್ಲೇ ಬಿರುಕು ಬಿಟ್ಟಿತ್ತು. ಸೆಪ್ಟೆಂಬರ್ 7ರಂದು ಬಫಲೋದಲ್ಲಿ 34–10ರಿಂದ ಸೋತ ಮೊದಲ ಪಂದ್ಯದಲ್ಲೇ ನೇಟ್ ಬರ್ಲ್‌ಸನ್ ಅವರ ಮಂಡಿಯೂ ಹೋಯಿತು. ಚೆಂಡು ಎಸೆಯುವವರಿದ್ದಾರೆ, ಹಿಡಿಯುವವರಿಲ್ಲ. ಆಗ ಕಣ್ಣು ಬಿದ್ದದ್ದು ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಸೆನೆಕಾ ವ್ಯಾಲೇಸ್ ಮೇಲೆ. ವೇಗವಿದೆ, ಕೈ ಚೆನ್ನಾಗಿದೆ, ಮತ್ತು ಎಲ್ಲಕ್ಕಿಂತ ದೊಡ್ಡ ಅಪರಾಧವೆಂದರೆ ಮನುಷ್ಯ ಖಾಲಿ ಕೂತಿದ್ದಾರೆ. ಸೆಪ್ಟೆಂಬರ್ 14, ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧ ತವರಿನಲ್ಲಿ ಪಂದ್ಯ. ರಿಸೀವರ್ ಆಗಿ ಆಡಲು ಸಜ್ಜಾದ ವ್ಯಾಲೇಸ್ ಅವರ ಮೀನಖಂಡ ಪಂದ್ಯಕ್ಕೂ ಮುಂಚಿನ ವಾರ್ಮ್‌ಅಪ್‌ನಲ್ಲೇ ಕೈಕೊಟ್ಟಿತು. ಶಿಳ್ಳೆ ಊದಿರಲಿಲ್ಲ, ಎದುರಾಳಿ ಮುಟ್ಟಿರಲಿಲ್ಲ. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ 33–30ರಲ್ಲಿ ಕೈತಪ್ಪಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮವರು ಹೇಳಿದ್ದು ಇದಕ್ಕೇ. ಆದರೆ ಗಾದೆಯ ಎಮ್ಮೆ ಬರೆ ಹಾಕಿಸಿಕೊಂಡ ಮೇಲೂ ಹಾಲು ಕೊಡುತ್ತಿತ್ತೇನೋ. ಇಲ್ಲಿ ಅದೂ ಇಲ್ಲ. ಅಕ್ಟೋಬರ್ ಮೊದಲ ವಾರ ನ್ಯೂಯಾರ್ಕ್ ಜೈಂಟ್ಸ್ ಎದುರು 44–6ರಿಂದ ಚಚ್ಚಿಸಿಕೊಂಡ ದಿನ, ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಹ್ಯಾಸಲ್‌ಬೆಕ್ ಅವರ ಮಂಡಿಗೂ ಪೆಟ್ಟಾಯಿತು. ಅವರ ಬೆನ್ನು ಆಗಸ್ಟ್‌ನಿಂದಲೇ ದೂರು ಹೇಳುತ್ತಿತ್ತು ಎಂಬುದನ್ನೂ ಇಲ್ಲಿ ನೆನಪಿಡಬೇಕು. ಸರಿ, ಇಂಥ ದಿನಕ್ಕಾಗಿಯೇ ತಾನೆ ಬ್ಯಾಕಪ್? ಕರೆಯಿರಿ ವ್ಯಾಲೇಸ್ ಅವರನ್ನು. ಅವರು ಮೀನಖಂಡಕ್ಕೆ ಐಸ್ ಕಟ್ಟಿಕೊಂಡು ಕೂತಿದ್ದಾರೆ. ಹಾಗಾಗಿ ಅಕ್ಟೋಬರ್ 12ರಂದು ಗ್ರೀನ್ ಬೇ ವಿರುದ್ಧ ಮೂರನೆಯವರಾದ ಚಾರ್ಲಿ ಫ್ರೈ ಇಳಿದರು. ಎದುರಿಗಿದ್ದ ಏರನ್ ರಾಜರ್ಸ್ ನೋಯುವ ಭುಜ ಇಟ್ಟುಕೊಂಡೇ ಎಸೆದರು. 27–17, ಸೋಲು. ರಿಸೀವರ್‌ಗಳು ಕಡಿಮೆ ಇದ್ದ ತಂಡ ಒಂದು ತಿಂಗಳೊಳಗೆ ರಿಸೀವರ್‌ಗಳ ಜೊತೆಗೆ ಇಬ್ಬರು ಕ್ವಾರ್ಟರ್‌ಬ್ಯಾಕ್ ಕೂಡ ಕಡಿಮೆ ಇರುವ ತಂಡವಾಯಿತು. ಇದನ್ನು ಸಾಧನೆ ಎನ್ನದೆ ಇನ್ನೇನು ಅನ್ನೋಣ?

ಈ ಐಡಿಯಾ ಕೊಟ್ಟವರು ಪೆದ್ದರಲ್ಲ ಎನ್ನುವುದು ಇನ್ನೂ ಸೊಗಸು. ಕೋಚ್ ಮೈಕ್ ಹೋಮ್‌ಗ್ರೆನ್ ಅಂದರೆ ಕ್ವಾರ್ಟರ್‌ಬ್ಯಾಕ್‌ಗಳ ಮೇಷ್ಟ್ರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋ ಮೊಂಟಾನಾ, ಸ್ಟೀವ್ ಯಂಗ್ ಅಂಥವರಿಗೆ ಪಾಠ ಹೇಳಿದವರು. ಗ್ರೀನ್ ಬೇ ತಂಡಕ್ಕೆ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟವರು. ಅಂಥವರಿಗೂ ಈ ಚಪಲ ಹೇಗೆ ಹತ್ತಿತು?

ಹತ್ತಿದ್ದು 2006ರ ಜನವರಿ 22ರಂದು. ಸೂಪರ್ ಬೌಲ್‌ಗೆ ಹೋಗುವ ನಿರ್ಣಾಯಕ ಪಂದ್ಯದಲ್ಲಿ, ಕ್ಯಾರೊಲೈನಾ ವಿರುದ್ಧ, ಇದೇ ವ್ಯಾಲೇಸ್ ಅವರನ್ನು ಇದ್ದಕ್ಕಿದ್ದಂತೆ ಹೊರಸಾಲಿನಲ್ಲಿ ನಿಲ್ಲಿಸಿದರು. ಹ್ಯಾಸಲ್‌ಬೆಕ್ ಎಸೆದರು, ವ್ಯಾಲೇಸ್ ಭುಜದ ಮೇಲಿಂದ ಬಂದ ಚೆಂಡನ್ನು ಓಡುತ್ತಲೇ ಹಿಡಿದರು. 28 ಗಜ. ಕ್ರೀಡಾಂಗಣ ಎದ್ದು ಕುಣಿಯಿತು, ಸಿಯಾಟಲ್ 34–14ರಿಂದ ಗೆದ್ದಿತು. ಒಂದೇ ಒಂದು ಕ್ಯಾಚ್! ಮಟ್ಕಾದಲ್ಲಿ ಮೊದಲ ದಿನವೇ ದುಡ್ಡು ಗೆದ್ದವನ ಕಥೆ ಗೊತ್ತಲ್ಲ, ಅವನಷ್ಟು ನಷ್ಟ ಮಾಡಿಕೊಂಡವನು ಬೇರೆ ಇಲ್ಲ. ಎರಡು ವಾರ ಕಳೆದು ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್‌ನವರು ಗುರುವಿಗೇ ತಿರುಮಂತ್ರ ಹಾಕಿದರು. ಕಾಲೇಜಿನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದು ಆಮೇಲೆ ರಿಸೀವರ್ ಆದ ಆಂಟ್ವಾನ್ ರ್ಯಾಂಡಲ್ ಎಲ್ ಚೆಂಡು ಪಡೆದು, ಓಡುವ ಬದಲು ಹೈನ್ಸ್ ವಾರ್ಡ್ ಅವರಿಗೆ 43 ಗಜದ ಟಚ್‌ಡೌನ್ (ಚೆಂಡು ಕೊನೆಯ ಗೆರೆ ದಾಟಿ ಅಂಕ ತರುವ ಆಟ) ಎಸೆದುಬಿಟ್ಟರು. ಸಿಯಾಟಲ್ 21–10ರಿಂದ ಸೋತಿತು.

ಇದರಿಂದ ಕಲಿಯಬೇಕಾದ್ದು ಬಹುಮುಖ ಪ್ರತಿಭೆಯ ಮಹಿಮೆಯನ್ನಲ್ಲ, ದಿಕ್ಕನ್ನು. ದಿನಾ ಓಡುವವನು ವರ್ಷಕ್ಕೊಮ್ಮೆ ಎಸೆದರೆ ಹೆಚ್ಚೆಂದರೆ ಚೆಂಡು ಎಲ್ಲೋ ಬೀಳುತ್ತದೆ. ದಿನಾ ಎಸೆಯುವವನು ವರ್ಷಕ್ಕೊಮ್ಮೆ ಓಡಿದರೆ ಅವನೇ ಬೀಳುತ್ತಾನೆ. 2020ರ ನವೆಂಬರ್ 29ರಂದು ಡೆನ್ವರ್‌ನ ಕ್ವಾರ್ಟರ್‌ಬ್ಯಾಕ್‌ಗಳಿಗೆಲ್ಲ ಕೋವಿಡ್ ನಿಯಮದಿಂದ ಬಾಗಿಲು ಹಾಕಿದಾಗ, ಅಭ್ಯಾಸ ಪಡೆಯಲ್ಲಿದ್ದ ರಿಸೀವರ್ ಕೆಂಡಾಲ್ ಹಿಂಟನ್ ಎಸೆಯಲು ಬಂದರು. 9 ಎಸೆತ, ಗುರಿ ಮುಟ್ಟಿದ್ದು 1, ಎದುರಾಳಿ ಕೈಗೆ ಸಿಕ್ಕಿದ್ದು 2, ಒಟ್ಟು 13 ಗಜ. ನ್ಯೂ ಆರ್ಲಿಯನ್ಸ್ 31–3ರಿಂದ ಗೆದ್ದಿತು. ಮಾನ ಹೋಯಿತು ನಿಜ. ಹಿಂಟನ್ ತಮ್ಮ ಕಾಲ ಮೇಲೆ ತಾವೇ ನಡೆದುಕೊಂಡು ಮನೆಗೆ ಹೋದರು.

ಯಾಕೆ ಹೀಗೆ? ಅಂಗಳದಲ್ಲಿ ಇವರಿಬ್ಬರೂ ಮಾಡುವುದನ್ನು ನೋಡಿ. ಕ್ವಾರ್ಟರ್‌ಬ್ಯಾಕ್‌ನ ಕಾಲಿನ ಕೆಲಸ ಬಹುಪಾಲು ಹಿಮ್ಮುಖದ್ದು. ಮೂರು ಹೆಜ್ಜೆ, ಐದು ಹೆಜ್ಜೆ ಅಥವಾ ಏಳು ಹೆಜ್ಜೆ ಹಿಂದೆ ಸರಿದು, ಹಿಂಗಾಲು ಊರಿ, ಮುಂಗಾಲು ಗುರಿಯತ್ತ ಇಟ್ಟು ಎಸೆಯುವುದು. ಏಳೆಂಟು ಗಜದ ಅಂಗಳ ಅವನದು. ಆಗಾಗ ಪ್ರಾಣ ಉಳಿಸಿಕೊಳ್ಳಲು ಓಡುತ್ತಾನೆ, ಅದು ಬೇರೆ. ವ್ಯಾಲೇಸ್ ಅಂಥ ಓಟದಲ್ಲಿ ಗಟ್ಟಿಗರು. 2002ರಲ್ಲಿ ಅಯೋವಾ ಸ್ಟೇಟ್ ಪರ ಟೆಕ್ಸಸ್ ಟೆಕ್ ಎದುರು ಮೈದಾನದ ಆ ಅಂಚಿಗೂ ಈ ಅಂಚಿಗೂ ಸುತ್ತಾಡಿ ನೂರಕ್ಕೂ ಹೆಚ್ಚು ಗಜ ಓಡಿದರು, ಲೆಕ್ಕಕ್ಕೆ ಸಿಕ್ಕಿದ್ದು 12 ಗಜದ ಟಚ್‌ಡೌನ್. ಆದರೆ ರಿಸೀವರ್‌ನ ಓಟ ಅದಲ್ಲ. ನಿಂತಲ್ಲಿಂದ ಎರಡು ಮೂರು ಹೆಜ್ಜೆಯಲ್ಲಿ ಪೂರ್ತಿ ವೇಗಕ್ಕೆ ಏರಬೇಕು, ಹನ್ನೆರಡು ಹದಿನೈದು ಗಜ ಜೀವ ಬಿಟ್ಟು ಓಡಿ, ಎರಡು ಹೆಜ್ಜೆಯಲ್ಲಿ ನಿಂತು ತಿರುಗಬೇಕು. ಇಂಥ ಓಟವನ್ನು ಕರ್ಲ್ ಅನ್ನಿ, ಕಂಬ್ಯಾಕ್ ಅನ್ನಿ, ಗುಟ್ಟೆಲ್ಲ ಬ್ರೇಕಿನಲ್ಲಿದೆ. ಅದೂ ಒಮ್ಮೆ ಅಲ್ಲ, ಒಂದು ಅಭ್ಯಾಸದಲ್ಲಿ ಹತ್ತಾರು ಸಲ.

ಮೀನಖಂಡದ ದೊಡ್ಡ ಸ್ನಾಯು ಮಂಡಿಯನ್ನೂ ದಾಟುತ್ತದೆ, ಪಾದದ ಕೀಲನ್ನೂ ದಾಟುತ್ತದೆ. ಮಂಡಿ ನೆಟ್ಟಗಾಗಿ ಪಾದ ಮೊಣಕಾಲಿನ ಕಡೆಗೆ ಬಾಗಿದ ಕ್ಷಣದಲ್ಲಿ ಅದು ಎರಡೂ ತುದಿಯಿಂದ ಎಳೆಸಿಕೊಂಡಿರುತ್ತದೆ. ಆ ಕ್ಷಣದಲ್ಲೇ ನೆಲ ಒದ್ದು ಚಿಮ್ಮು ಎಂದರೆ, ರೂಢಿಯಿಲ್ಲದ ಸ್ನಾಯು ಒಳಬದಿಯಲ್ಲಿ, ಮಾಂಸವು ಸ್ನಾಯುರಜ್ಜುವಿಗೆ ಕೂಡುವ ಜಾಗದಲ್ಲಿ ಹರಿಯುತ್ತದೆ. ಹರಿದಾಗ ಹಿಂದಿನಿಂದ ಯಾರೋ ಕಲ್ಲು ಬೀಸಿದ ಹಾಗಾಗುತ್ತದಂತೆ. ಆಟಗಾರ ತಿರುಗಿ ನೋಡುತ್ತಾನೆ, ಹಿಂದೆ ಯಾರೂ ಇರುವುದಿಲ್ಲ. ಕೋಚ್ ಬಿಟ್ಟರೆ. ಸ್ವಲ್ಪ ಹರಿದಿದ್ದರೆ ಒಂದರಿಂದ ಮೂರು ವಾರ, ನಡುತರವಾಗಿ ಹರಿದಿದ್ದರೆ ತಿಂಗಳ ಮೇಲೆ. ನೋವು ಹೋಯಿತೆಂದು ಬೇಗ ಇಳಿದರೆ ಅದೇ ಜಾಗದಲ್ಲಿ ಇನ್ನೊಮ್ಮೆ. ಇದಕ್ಕೆ ಔಷಧ ಯಾವ ಟ್ರೇನರ್‌ಗೂ ಗೊತ್ತು. ಪೂರ್ತಿ ವೇಗದ ಓಟವನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋಗಬೇಕು. ಆದರೆ ರಿಸೀವರ್ ಭಾನುವಾರ ಬಿದ್ದು ಮುಂದಿನ ಭಾನುವಾರಕ್ಕೆ ಬದಲಿ ಬೇಕು ಎನ್ನುವ ಸಂಸಾರದಲ್ಲಿ ವಾರಗಳನ್ನು ಎಲ್ಲಿಂದ ತರುವುದು?

ಕಾಲು ಉಳಿಯಿತು ಎನ್ನಿ, ಕೈ ಇದೆಯಲ್ಲ. ರಿಸೀವರ್‌ಗಳು ಅಭ್ಯಾಸಕ್ಕೆ ಚೆಂಡು ಉಗುಳುವ ಯಂತ್ರದ ಮುಂದೆ ನಿಲ್ಲುತ್ತಾರೆ. ಅವರ ಬೆರಳುಗಳು ವರ್ಷಗಟ್ಟಲೆ ಸೊಟ್ಟಗಾಗಿ, ಊದಿ, ಬಲಿತಿರುತ್ತವೆ. ಕ್ವಾರ್ಟರ್‌ಬ್ಯಾಕ್‌ನ ತೋರುಬೆರಳು ಎಸೆಯುವಾಗ ಚೆಂಡನ್ನು ಕೊನೆಗೆ ಬಿಡುವ ಬೆರಳು, ಚೆಂಡಿನ ತಿರುಗು ಅಲ್ಲೇ ಹುಟ್ಟುವುದು. ಚೆಂಡಿನ ಮೂತಿ ಆ ಬೆರಳ ತುದಿಗೆ ನೇರ ಬಡಿದು ರಜ್ಜು ಕಿತ್ತರೆ ತುದಿ ಬಾಗಿ ನೇತಾಡುತ್ತದೆ. ಆರರಿಂದ ಎಂಟು ವಾರ ಪಟ್ಟಿ, ಸ್ನಾನಕ್ಕೂ ಬಿಚ್ಚುವಂತಿಲ್ಲ. ವೀಣೆ ವಿದ್ವಾಂಸರನ್ನು ಬಿಡುವಿನಲ್ಲಿ ಕಬಡ್ಡಿಗೆ ಇಳಿಸಿದ ಹಾಗೆ.

ಅಭ್ಯಾಸದ ವೇಳೆ ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಬಣ್ಣದ ಅಂಗಿ ಹಾಕುತ್ತಾರೆ, ಹೆಚ್ಚಾಗಿ ಕೆಂಪು. ಅರ್ಥ: ಮುಟ್ಟಬೇಡಿ. ಮಡಿಬಟ್ಟೆ ಉಟ್ಟವರ ಪಕ್ಕ ಹಾದುಹೋಗುವ ಹಾಗೆ 130 ಕಿಲೋ ತೂಕದ ದೈತ್ಯರೂ ಸುತ್ತು ಬಳಸಿ ಹೋಗುತ್ತಾರೆ. ಇಷ್ಟೆಲ್ಲ ಮಡಿ ಕಾಯ್ದ ತಂಡವೇ ಒಂದು ಬುಧವಾರ ಅವನಿಗೆ ‘ಅಂಗಿ ಬದಲಾಯಿಸಿಕೊಂಡು ಆ ಸಾಲಿಗೆ ಹೋಗು’ ಎನ್ನುತ್ತದೆ. ಮೈ ಅದೇ, ಮೂಳೆ ಅದೇ. ಅಂಗಿ ಬದಲಾದ ಕೂಡಲೇ ಮುಟ್ಟಬಹುದಾದ ವಸ್ತು.

ಇಲ್ಲಿ ಸ್ಟೆಪ್ನಿಯ ವಿಷಯ ಸ್ವಲ್ಪ ಮಾತಾಡಬೇಕು. ಈಗಿನ ಎಷ್ಟೋ ಕಾರುಗಳಲ್ಲಿ ಡಿಕ್ಕಿಯ ಅಡಿ ಇರುವುದು ಸಣಕಲು ಸ್ಟೆಪ್ನಿ. ಅದರ ಮೇಲೆ ಕಣ್ಣಿಗೆ ಹೊಡೆಯುವ ಬಣ್ಣದಲ್ಲಿ ‘ಗಂಟೆಗೆ 80 ಕಿಲೋಮೀಟರ್ ಮೀರಬೇಡಿ’ ಎಂದು ಚೀಟಿ ಅಂಟಿಸಿರುತ್ತಾರೆ. ಮಾಮೂಲಿ ಟೈರಿಗೆ 32–33 ಪಿಎಸ್‌ಐ ಗಾಳಿಯಾದರೆ ಇದಕ್ಕೆ ಸಾಮಾನ್ಯವಾಗಿ 60. ಪಂಕ್ಚರ್ ಅಂಗಡಿ ಮುಟ್ಟಿಸುವುದಷ್ಟೇ ಅದರ ಜನ್ಮದ ಉದ್ದೇಶ. ಹತ್ತು ವರ್ಷ ಕಾರು ಓಡಿಸಿ, ಒಮ್ಮೆಯೂ ಅದನ್ನು ಹೊರತೆಗೆಯದೆ ಮಾರಿದವನು ಪುಣ್ಯವಂತ. ಅಯ್ಯೋ, ಸ್ಟೆಪ್ನಿ ವ್ಯರ್ಥವಾಯಿತಲ್ಲ ಎಂದು ಅವನು ಅಳುವುದಿಲ್ಲ. ಪಕ್ಕದ ಮನೆಯವರು ಬಂದು ‘ಸಾರ್, ನಿಮ್ಮ ಸ್ಟೆಪ್ನಿ ಸುಮ್ಮನೆ ಬಿದ್ದಿದೆಯಲ್ಲಾ, ನಮ್ಮ ಎಳನೀರು ಗಾಡಿಗೆ ಒಂದು ವಾರ ಹಾಕ್ಕೊಳ್ಳಲಾ?’ ಎಂದರೆ ಯಾರು ಕೊಡುತ್ತೀರಿ? ಎನ್‌ಎಫ್‌ಎಲ್ ಕೋಚ್‌ಗಳು ಕೊಡುತ್ತಾರೆ. ಕೊಟ್ಟು, ಜೊತೆಗೆ ಎಳನೀರನ್ನೂ ತಾವೇ ತುಂಬುತ್ತಾರೆ.

ಅಸಲಿಗೆ ಬ್ಯಾಕಪ್ ಖಾಲಿ ಕೂತಿರುತ್ತಾನೆ ಎನ್ನುವುದೇ ಸುಳ್ಳು. ವಾರದ ಅಭ್ಯಾಸದಲ್ಲಿ ಮೊದಲ ತಂಡದ ಸರದಿಗಳೆಲ್ಲ ಮೊದಲ ಕ್ವಾರ್ಟರ್‌ಬ್ಯಾಕ್‌ಗೆ ಹೋಗುತ್ತವೆ. ಇವನು ಮುಂದಿನ ಎದುರಾಳಿಯ ಕ್ವಾರ್ಟರ್‌ಬ್ಯಾಕ್‌ನ ವೇಷ ಹಾಕಿ, ಅವರ ಆಟಗಳನ್ನು ಅವರದೇ ಲಯದಲ್ಲಿ ಆಡಿ, ತನ್ನ ರಕ್ಷಣಾ ಪಡೆಗೆ ಅಭ್ಯಾಸ ಕೊಡಬೇಕು. ಜೊತೆಗೆ ತನ್ನ ತಂಡದ ಇಡೀ ಆಟಪಟ್ಟಿಯನ್ನು, ಒಮ್ಮೆಯೂ ಆಡದೆ, ತಲೆಯಲ್ಲಿ ಇಟ್ಟುಕೊಳ್ಳಬೇಕು. ಪಂದ್ಯದ ದಿನ ಕೋಚ್ ಮಾತು ಕೇಳಿಸುವ ಹೆಲ್ಮೆಟ್‌ನೊಳಗಿನ ರೇಡಿಯೊ, ಪ್ರತಿ ಆಟ ಶುರುಮಾಡಲು ಕೊಡುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಕಟ್ ಆಗುತ್ತದೆ. ಅಷ್ಟರೊಳಗೆ ಒಂದು ಸಾಲಿನುದ್ದದ ಸಂಕೇತವನ್ನು ಕೇಳಿ, ಹತ್ತು ಜನರಿಗೆ ಒಪ್ಪಿಸಬೇಕು. ಒಂದು ಕಾಲು ಮೇಲೆ ನಿಂತು ಕಾಯುವ ಕೆಲಸ ಇದು, ಖಾಲಿ ಕೂರುವುದಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ವಿವರಿಸಬೇಕಾಗಿಲ್ಲ. ರಾತ್ರಿ ಸರ್ವರ್ ಕಾಯುವವನು ಹಗಲು ಸುಮ್ಮನಿದ್ದಾನೆಂದು ಬೇರೆ ಟೀಮಿನ ಟೆಸ್ಟಿಂಗ್ ಹಚ್ಚುವ ಮ್ಯಾನೇಜರ್ ಅಲ್ಲೂ ಇದ್ದಾನೆ. ಸಿಯಾಟಲ್ ಪಕ್ಕದ, ಮೈಕ್ರೋಸಾಫ್ಟ್‌ನವರ ರೆಡ್ಮಂಡ್‌ನಲ್ಲೂ ಇದ್ದಿರಬೇಕು.

ನಮ್ಮ ಕ್ರಿಕೆಟ್‌ನವರು ನಗುವ ಹಾಗೇನೂ ಇಲ್ಲ. 2006ರ ಅಕ್ಟೋಬರ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ನಡೆಯುವಾಗ ಮೊಹಾಲಿಯ ಅಭ್ಯಾಸದಲ್ಲಿ ಯುವರಾಜ್ ಸಿಂಗ್ ಮಂಡಿ ಹರಿದುಕೊಂಡದ್ದು ಖೊಖೊ ಆಡುತ್ತಾ. ಹೌದು, ಖೊಖೊ. ಆದರೆ ಅದಕ್ಕೂ ಮೀರಿಸಿದ್ದು 2010ರ ಫೆಬ್ರುವರಿಯ ನಾಗಪುರ ಟೆಸ್ಟ್. ದ್ರಾವಿಡ್ ಅವರ ಮುಖದ ಮೂಳೆ ಢಾಕಾದಲ್ಲಿ ಮುರಿದಿತ್ತು. ಯುವರಾಜ್ ಇಲ್ಲ, ಲಕ್ಷ್ಮಣ್ ಕೈ ಸರಿಯಿಲ್ಲ. ಕೊನೆಗೂ ರೋಹಿತ್ ಶರ್ಮಾ ಅವರಿಗೆ ಟೆಸ್ಟ್ ಕ್ಯಾಪ್ ಸಿಗುವ ದಿನ ಎನ್ನುವಾಗ, ಟಾಸ್‌ಗೆ ಮುಂಚಿನ ವಾರ್ಮ್‌ಅಪ್‌ನಲ್ಲಿ ವೃದ್ಧಿಮಾನ್ ಸಹಾ ಅವರಿಗೇ ಡಿಕ್ಕಿ ಹೊಡೆದು ರೋಹಿತ್ ಪಾದದ ಕೀಲು ಹೊರಳಿತು. ಬೇರೆ ಬ್ಯಾಟ್ಸ್‌ಮನ್ ಇಲ್ಲದೆ, ಡಿಕ್ಕಿಯಲ್ಲಿ ಪಾರಾದ ಮೀಸಲು ಕೀಪರ್ ಸಹಾ ಅವರನ್ನೇ ಬರೀ ಬ್ಯಾಟ್ಸ್‌ಮನ್ ಎಂದು ಇಳಿಸಿದರು. ಅವರನ್ನು ಸ್ವಾಗತಿಸಿದ್ದು ದಕ್ಷಿಣ ಆಫ್ರಿಕಾದ ಡೇಲ್ ಸ್ಟೇನ್. ಭಾರತ ಇನಿಂಗ್ಸ್ ಮತ್ತು 6 ರನ್‌ಗಳಿಂದ ಸೋತಿತು. ರೋಹಿತ್ ಆ ಕ್ಯಾಪ್‌ಗೆ 2013ರ ನವೆಂಬರ್‌ವರೆಗೆ ಕಾದರು. ಇನ್ನು ಬಹುಮುಖ ಪ್ರತಿಭೆಯ ಪ್ರಚಾರಕರು ಕೂಡಲೇ ದ್ರಾವಿಡ್ ಹೆಸರು ಎತ್ತುತ್ತಾರೆ, 2003ರ ವಿಶ್ವಕಪ್‌ನಲ್ಲಿ ಗ್ಲೌಸ್ ತೊಟ್ಟು ತಂಡವನ್ನು ಫೈನಲ್ ಮುಟ್ಟಿಸಲಿಲ್ಲವೇ ಎಂದು. ಮುಟ್ಟಿಸಿದರು. ಅದು ಆ ಪುಣ್ಯಾತ್ಮರ ದೊಡ್ಡತನ, ಯೋಜನೆಯ ದೊಡ್ಡತನವಲ್ಲ. ಅದೂ ಒಂದು 28 ಗಜದ ಕ್ಯಾಚ್.

ಎನ್‌ಎಫ್‌ಎಲ್ ಈ ಕ್ವಾರ್ಟರ್‌ಬ್ಯಾಕ್ ಬರಕ್ಕೆ ನಿಯಮದ ಮದ್ದನ್ನೂ ಅರೆಯಿತು. 1991ರಿಂದ 45 ಆಟಗಾರರ ಜೊತೆ ತುರ್ತಿಗೊಬ್ಬ ಮೂರನೆಯ ಕ್ವಾರ್ಟರ್‌ಬ್ಯಾಕ್ ಇರಬಹುದಿತ್ತು. ಒಂದೇ ಷರತ್ತು: ನಾಲ್ಕನೆಯ ಕ್ವಾರ್ಟರ್‌ಗೆ, ಅಂದರೆ ಪಂದ್ಯದ ಕೊನೆಯ ಕಾಲುಭಾಗಕ್ಕೆ, ಮೊದಲೇ ಅವನು ಇಳಿದರೆ ಉಳಿದಿಬ್ಬರೂ ಆ ದಿನ ಮತ್ತೆ ಇಳಿಯುವಂತಿಲ್ಲ. 2011ರ ಜನವರಿಯಲ್ಲಿ ಷಿಕಾಗೊ ತಂಡ ಸೂಪರ್ ಬೌಲ್ ಹೊಸ್ತಿಲಲ್ಲಿ ಮೂರನೆಯ ಕ್ವಾರ್ಟರ್ ಮುಗಿಯಲು 57 ಸೆಕೆಂಡ್ ಇರುವಾಗ ಮೂರನೆಯವರಾದ ಕೇಲೆಬ್ ಹೇನಿ ಅವರನ್ನು ಇಳಿಸಿತು. ಒಂದು ನಿಮಿಷ ತಾಳಿದ್ದರೆ ಷರತ್ತೇ ಅನ್ವಯಿಸುತ್ತಿರಲಿಲ್ಲ. ಆ ವರ್ಷವೇ ನಿಯಮ ತೆಗೆದುಹಾಕಿದರು. 2023ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ಮೊಣಕೈ ಹೋಯಿತು, ಬದಲಿ ಜೋಶ್ ಜಾನ್ಸನ್ ತಲೆಗೆ ಪೆಟ್ಟಾಯಿತು. ಕೊನೆಗೆ ಎಸೆಯಲಾರದ ಪರ್ಡಿಯೇ ಮತ್ತೆ ಬಂದು ನಿಂತರು. 31–7. ಅದೇ ಮೇ ತಿಂಗಳಲ್ಲಿ ಮೂರನೆಯ ಕ್ವಾರ್ಟರ್‌ಬ್ಯಾಕ್ ಮರಳಿ ಬಂದ. ಸ್ಟೆಪ್ನಿಗೂ ಒಂದು ಸ್ಟೆಪ್ನಿ ಮಂಜೂರಾಯಿತು. ಇನ್ನು ಎರಡನೆಯವನನ್ನು ಧೈರ್ಯವಾಗಿ ಎಲ್ಲಿ ಬೇಕಾದರೂ ಓಡಿಸಬಹುದು.

ನಗು ಸಾಕು. ಈ ಶಿಬಿರಗಳಲ್ಲಿ 90 ಹುಡುಗರು ಇರುತ್ತಾರೆ, ಆಗಸ್ಟ್ ಮುಗಿಯುವಾಗ 53. ನಾಲ್ಕನೆಯ ಕ್ವಾರ್ಟರ್‌ಬ್ಯಾಕ್ ಆಗಿ ಬಂದ, ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಇಪ್ಪತ್ತಮೂರರ ಹುಡುಗನಿಗೆ ‘ರಿಸೀವರ್ ಸಾಲಿಗೆ ಹೋಗ್ತೀಯಾ?’ ಎಂದು ಕೇಳುತ್ತಾರೆ. ಅದು ಪ್ರಶ್ನೆಯಲ್ಲ. ಇಲ್ಲವೆಂದರೆ ಸಂಜೆಯೊಳಗೆ ಬ್ಯಾಗ್ ಕಟ್ಟಬೇಕು. ಹೌದೆಂದು ಓಡಿ ಸ್ನಾಯು ಹರಿದುಕೊಂಡರೆ ‘ಗಾಯಾಳುವಾಗಿ ಬಿಡುಗಡೆ’ ಎಂಬ ಕಾಗದ ಸಿದ್ಧವಿದೆ, ಯಾವ ತಂಡವೂ ಎತ್ತಿಕೊಳ್ಳದಿದ್ದರೆ ಒಂದಿಷ್ಟು ವಾರಗಳ ಹಣ ಎಣಿಸಿ ಕೈತೊಳೆದುಕೊಳ್ಳುವ ಏರ್ಪಾಡೂ ಇದೆ. ಕೋಚ್ ಮಾತ್ರ ಮೈಕಿನ ಮುಂದೆ ಅವನ ‘ನಿಸ್ವಾರ್ಥ ಮನೋಭಾವ’ ಹೊಗಳುತ್ತಾರೆ. ಹೊಟ್ಟೆಪಾಡನ್ನು ನಿಸ್ವಾರ್ಥ ಎಂದು ಕರೆಯುವುದಕ್ಕೂ ಒಂದು ಮಿತಿ ಇರಬೇಕು. ಆ ಹುಡುಗ ಹತ್ತು ವರ್ಷದಿಂದ ಕಲಿತದ್ದು ಎಸೆಯುವುದನ್ನು. ಅದನ್ನು ಪರೀಕ್ಷಿಸುವ ಸೌಜನ್ಯವನ್ನೂ ತೋರದೆ ಅವನ ಕಾಲು ಬಳಸಿ ಬಿಸಾಡುತ್ತೀರಿ. ಯಾರ ದುರದೃಷ್ಟ ಇದು?

ಸಿಯಾಟಲ್‌ಗೆ ಬೇರೆ ದಾರಿ ಇರಲಿಲ್ಲವೇ? ಇತ್ತು, ಟೆಲಿಫೋನ್ ದೂರದಲ್ಲಿ. ಎನ್‌ಎಫ್‌ಎಲ್‌ನಲ್ಲಿ ಯಾವ ಸೆಪ್ಟೆಂಬರ್‌ನಲ್ಲೂ ಕೆಲಸವಿಲ್ಲದ ರಿಸೀವರ್‌ಗಳು ಡಜನ್‌ಗಟ್ಟಲೆ ಇರುತ್ತಾರೆ, ಓಡುವುದನ್ನು ಮರೆಯದೆ. ಮೀನಖಂಡ ಹರಿಸಿದ ಮೇಲೆ ತಂಡಕ್ಕೂ ಅದು ಹೊಳೆಯಿತು. ತಮ್ಮಲ್ಲೇ ಹಿಂದೆ ಆಡಿ ಹೋಗಿದ್ದ ಕೋರೆನ್ ರಾಬಿನ್ಸನ್ ಅವರನ್ನು ಕರೆಸಿಕೊಂಡರು. ವ್ಯಾಲೇಸ್ ಕಾಲು ಸರಿಯಾಗಿ, ಹ್ಯಾಸಲ್‌ಬೆಕ್ ಇಲ್ಲದ ದಿನಗಳಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿಯೇ ಆಡಿದರು. ಆ ವರ್ಷ 11 ಟಚ್‌ಡೌನ್ ಎಸೆತ, ಎದುರಾಳಿ ಕಿತ್ತುಕೊಂಡದ್ದು ಬರೀ 3. ತಂಡ 4 ಗೆದ್ದು 12 ಸೋತ ವರ್ಷದ ಲೆಕ್ಕ ಇದು.

ನವೆಂಬರ್ 2, ಫಿಲಡೆಲ್ಫಿಯಾ ವಿರುದ್ಧದ ಪಂದ್ಯದಲ್ಲಿ ಸಿಯಾಟಲ್‌ಗೆ ಚೆಂಡು ಸಿಕ್ಕ ಮೊದಲ ಆಟ. ವ್ಯಾಲೇಸ್ ಎಸೆದರು, ರಾಬಿನ್ಸನ್ ಹಿಡಿದು ಓಡಿದರು. 90 ಗಜ, ಟಚ್‌ಡೌನ್, ತಂಡದ ಚರಿತ್ರೆಯಲ್ಲೇ ಅಷ್ಟು ಉದ್ದದ ಪಾಸ್ ಆಟ ಅಲ್ಲಿಯವರೆಗೆ ಆಗಿರಲಿಲ್ಲ. ವ್ಯಾಲೇಸ್ ಅದಕ್ಕಾಗಿ ಇಟ್ಟದ್ದು ಕೆಲವೇ ಹೆಜ್ಜೆ. ಮಿಕ್ಕಿದ್ದನ್ನು ಓಡುವುದೇ ಕಸುಬಾದವರು ಓಡಿದರು. ಆಮೇಲೆ ಪಂದ್ಯ 26–7ರಿಂದ ಸೋತರು, ಅದು ಬೇರೆ ಮಾತು.